ಮರೆವಿನ ಕಾಯಿಲೆಗೆ ತೊಂಬತ್ತು ನಿಮಿಷದ ಪಾಠ

ಅಲ್ಝೈಮರ್ಸ್ ಡಿಸೀಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 2019ರಲ್ಲಿ 155 ದೇಶಗಳ ಸುಮಾರು 70 ಸಾವಿರ ಜನರ ಅಭಿಪ್ರಾಯ ಕೇಳಿತು. ಡಿಮೆನ್ಷಿಯಾ, ಅಂದರೆ ನಾವು ಮರೆವಿನ ಕಾಯಿಲೆ ಎನ್ನುವುದು, ಮುಪ್ಪಿನ ಜೊತೆ ತಾನಾಗಿಯೇ ಬರುವಂಥದ್ದೇ? ಜನಸಾಮಾನ್ಯರಲ್ಲಿ ನೂರಕ್ಕೆ 66 ಮಂದಿ ಹೌದು ಎಂದರು. ಆ ಉತ್ತರ ತಪ್ಪು. ಐದು ವರ್ಷ ಬಿಟ್ಟು, 2024ರಲ್ಲಿ, ಅದೇ ಸಂಸ್ಥೆ ಮತ್ತೆ ಕೇಳಿತು. ಈ ಸಲ ಹೌದು ಎಂದವರು ನೂರಕ್ಕೆ 80.

ನಡುವಿನ ಐದು ವರ್ಷ ಯಾರೂ ಕೈಕಟ್ಟಿ ಕೂತಿರಲಿಲ್ಲ. ಸೆಪ್ಟೆಂಬರ್ 21 ವಿಶ್ವ ಅಲ್ಝೈಮರ್ ದಿನ. 2012ರಿಂದ ಆ ತಿಂಗಳಿಡೀ ಅದಕ್ಕೇ ಮೀಸಲು. ಊರೂರಲ್ಲಿ ನಡಿಗೆ, ಭಾಷಣ, ನೇರಳೆ ದೀಪ, ಭಿತ್ತಿಪತ್ರ ಎಲ್ಲವೂ ನಡೆದವು. 2025ರ ಹೊತ್ತಿಗೆ ಪ್ರತಿಯೊಂದು ದೇಶದಲ್ಲೂ ಡಿಮೆನ್ಷಿಯಾ ಬಗ್ಗೆ ಕನಿಷ್ಠ ಒಂದು ಜಾಗೃತಿ ಅಭಿಯಾನ ಇರಲೇಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಗುರಿ ಹಾಕಿಕೊಟ್ಟಿತ್ತು. ಇಷ್ಟೆಲ್ಲ ಆದಮೇಲೆ ತಪ್ಪು ತಿಳಿವಳಿಕೆ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು.

ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ ಎಂದು ನನಗನ್ನಿಸುತ್ತದೆ. ಅಭಿಯಾನದ ಭಿತ್ತಿಪತ್ರಗಳನ್ನೇ ನೋಡಿ. ಸುಕ್ಕುಗಟ್ಟಿದ ಎರಡು ಕೈ, ಅಥವಾ ಕಿಟಕಿಯಾಚೆ ನೋಡುತ್ತ ಕೂತ ಒಬ್ಬ ಅಜ್ಜಿ. ಕೆಳಗೆ ಒಂದು ಅಂಕಿ: 2050ರ ಹೊತ್ತಿಗೆ ಜಗತ್ತಿನಲ್ಲಿ 13.9 ಕೋಟಿ ರೋಗಿಗಳು. ಜನರ ಆಯಸ್ಸು ಹೆಚ್ಚುತ್ತಿರುವುದರಿಂದ ಸಂಖ್ಯೆ ಏರುತ್ತಿದೆ ಎಂಬ ವಿವರಣೆ. ಇದರಲ್ಲಿ ಸುಳ್ಳಿನ ಮಾತು ಒಂದೂ ಇಲ್ಲ. ಆದರೆ ಬಸ್‌ಸ್ಟಾಪಿನಲ್ಲಿ ನಿಂತು ಅದನ್ನು ಓದಿದವರ ತಲೆಯಲ್ಲಿ ಉಳಿಯುವುದು ಒಂದೇ: ಬದುಕಿದ್ದರೆ ಎಲ್ಲರಿಗೂ ಇದೇ ಗತಿ. ‘ಅರವತ್ತಕ್ಕೆ ಅರಳುಮರಳು’ ಎಂದು ನಮ್ಮಲ್ಲಿ ಮೊದಲೇ ಹೇಳುತ್ತಿದ್ದರು. ಅಭಿಯಾನ ಆ ಮಾತಿಗೆ ಅಂಕಿಅಂಶದ ಬೆಂಬಲ ಕೊಟ್ಟಂತಾಯಿತು.

ಇಂಥ ಅಂಕಿಗಳನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಭಾರತದಲ್ಲಿ ಈವರೆಗೆ ನಡೆದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅರವತ್ತು ದಾಟಿದ ಭಾರತೀಯರಲ್ಲಿ ಡಿಮೆನ್ಷಿಯಾ ಇರುವವರು ನೂರಕ್ಕೆ 7.4, ಅಂದರೆ 88 ಲಕ್ಷ ಮಂದಿ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು. 88 ಲಕ್ಷ ಸಣ್ಣ ಸಂಖ್ಯೆಯಲ್ಲ, ನಿಜ. ಆದರೆ ಅರವತ್ತು ದಾಟಿದ ನೂರು ಜನರಲ್ಲಿ 92 ಮಂದಿಗೆ ಈ ಕಾಯಿಲೆ ಇಲ್ಲ ಎಂಬುದೂ ಅದೇ ಸಮೀಕ್ಷೆಯ ಮಾತು. ಈ 92 ಎಂಬ ಸಂಖ್ಯೆಯನ್ನು ಯಾವ ಭಿತ್ತಿಪತ್ರದಲ್ಲೂ ನಾನು ಕಂಡಿಲ್ಲ.

ಮುಪ್ಪಿನ ಮರೆವಿಗೂ ಕಾಯಿಲೆಯ ಮರೆವಿಗೂ ಇರುವ ಅಂತರವನ್ನು ಇಲ್ಲೇ ಹೇಳಿಬಿಡುತ್ತೇನೆ. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಪರಿಚಿತರ ಹೆಸರು ನಾಲಿಗೆ ತುದಿಯಲ್ಲೇ ನಿಂತು ಆಮೇಲೆ ನೆನಪಾಗುವುದು ವಯಸ್ಸಿನ ಲಕ್ಷಣ. ಐವತ್ತು ವರ್ಷ ಮಾಡಿದ ಸಾರಿಗೆ ಏನು ಆದಮೇಲೆ ಏನು ಹಾಕಬೇಕೆಂದು ತೋಚದಿರುವುದು, ದಿನಾ ಹೋಗುವ ಅಂಗಡಿಯಿಂದ ಮನೆದಾರಿ ತಪ್ಪುವುದು, ಲೆಕ್ಕದಲ್ಲಿ ಪಳಗಿದವರು ನೂರು ರೂಪಾಯಿಗೆ ಚಿಲ್ಲರೆ ಎಣಿಸಲಾರದೆ ಹೋಗುವುದು ಹಾಗಲ್ಲ. ಅವು ಮೆದುಳಿನ ಕೋಶಗಳು ಸಾಯುತ್ತಿರುವ ಸೂಚನೆ ಇರಬಹುದು. ಡಿಮೆನ್ಷಿಯಾ ಎಂಬುದು ಲಕ್ಷಣಗಳ ಒಂದು ಗುಂಪು. ಅದರ ಹಿಂದೆ ಹಲವು ರೋಗಗಳಿವೆ. ನೂರಕ್ಕೆ 60ರಿಂದ 70 ಪಾಲು ಅಲ್ಝೈಮರ್. ಉಳಿದವು ಮೆದುಳಿನ ರಕ್ತನಾಳ ಕಟ್ಟಿ ಬರುವಂಥವು, ಲೂಯಿ ಬಾಡಿ ಎಂಬ ಬಗೆ, ಮುಂಭಾಗದ ಮೆದುಳು ಕುಗ್ಗುವ ಬಗೆ ಇತ್ಯಾದಿ. ಬಿ12 ಕೊರತೆ, ಥೈರಾಯ್ಡ್ ಮಂದವಾಗಿರುವುದು, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಒಳಗೆ ನಿಂತ ರಕ್ತ, ಇವೂ ಡಿಮೆನ್ಷಿಯಾದಂತೆಯೇ ಕಾಣಿಸುತ್ತವೆ. ಇವಕ್ಕೆ ಚಿಕಿತ್ಸೆ ಇದೆ. ‘ವಯಸ್ಸಾಯ್ತು, ಇನ್ನೇನು’ ಎಂದು ಮನೆಯವರು ಸುಮ್ಮನಾದರೆ ವಾಸಿಯಾಗಬಹುದಾಗಿದ್ದವರೂ ಆ ಮಾತಿನಡಿ ಮುಚ್ಚಿಹೋಗುತ್ತಾರೆ. ಅಭಿಯಾನ ತಪ್ಪಿದರೆ ಆಗುವ ನಷ್ಟ ಇದು.

ತಪ್ಪದ ಅಭಿಯಾನ ಹೇಗಿರುತ್ತದೆ ಎಂದು ನೋಡಲು ಜಪಾನಿಗೆ ಹೋಗೋಣ.

2007ರ ಡಿಸೆಂಬರ್. ಐಚಿ ಪ್ರಾಂತ್ಯದ ಓಬು ನಗರ. ಡಿಮೆನ್ಷಿಯಾ ಇದ್ದ 91 ವರ್ಷದ ಮುದುಕರೊಬ್ಬರು, 85 ವರ್ಷದ ಹೆಂಡತಿಗೆ ತುಸು ಜೊಂಪು ಹತ್ತಿದಾಗ ಮನೆಯಿಂದ ಹೊರಬಿದ್ದರು. ಆಮೇಲೆ ಅವರು ಸಿಕ್ಕಿದ್ದು ಹಳಿಯ ಮೇಲೆ, ರೈಲಿಗೆ ಸಿಕ್ಕಿ ಸತ್ತ ಸ್ಥಿತಿಯಲ್ಲಿ. ರೈಲುಗಳು ತಡವಾದದ್ದಕ್ಕೆ ರೈಲ್ವೆ ಕಂಪನಿ ಕುಟುಂಬದ ಮೇಲೆಯೇ ದಾವೆ ಹೂಡಿ ಸುಮಾರು 72 ಲಕ್ಷ ಯೆನ್ ಪರಿಹಾರ ಕೇಳಿತು. 2013ರಲ್ಲಿ ನಗೊಯಾದ ಜಿಲ್ಲಾ ನ್ಯಾಯಾಲಯ ಅಷ್ಟೂ ಹಣ ಕಟ್ಟುವಂತೆ ಹೆಂಡತಿಗೂ ಹಿರಿಯ ಮಗನಿಗೂ ಹೇಳಿತು. ಮುಂದಿನ ವರ್ಷ ಮೇಲಿನ ನ್ಯಾಯಾಲಯ ಮೊತ್ತವನ್ನು ಅರ್ಧಕ್ಕಿಳಿಸಿ ಹೆಂಡತಿಯೊಬ್ಬರ ಮೇಲೆ ಹೊರಿಸಿತು. 2016ರ ಮಾರ್ಚ್ 1ರಂದು ಸುಪ್ರೀಂ ಕೋರ್ಟ್ ಎರಡನ್ನೂ ತಳ್ಳಿಹಾಕಿ, ಈ ಕುಟುಂಬದ ಮೇಲೆ ಹೊಣೆ ಹೊರಿಸಲಾಗದು ಎಂದು ತೀರ್ಪು ಕೊಟ್ಟಿತು. ಅಷ್ಟೂ ಕಾಲ ಜಪಾನಿನ ಲಕ್ಷಾಂತರ ಮನೆಗಳು ಈ ಮೊಕದ್ದಮೆಯನ್ನು ಉಸಿರು ಬಿಗಿಹಿಡಿದು ನೋಡಿದವು. ಜೊಂಪು ಹತ್ತಿದ್ದೇ ಅಪರಾಧವೆಂದಾದರೆ ಉಳಿಯುವ ದಾರಿ ಒಂದೇ, ಹೊರಗಿನಿಂದ ಬೀಗ ಹಾಕುವುದು.

ಬೀಗ ಬೇಡವೆಂದರೆ ಬೀದಿಯಲ್ಲಿರುವವರಿಗೆ ಗೊತ್ತಿರಬೇಕು. ಜಪಾನ್ ಸರಕಾರ 2005ರಲ್ಲಿ ಶುರುಮಾಡಿದ ‘ಡಿಮೆನ್ಷಿಯಾ ಬೆಂಬಲಿಗರು’ ಕಾರ್ಯಕ್ರಮದ ಹುರುಳು ಇಷ್ಟೇ. ಸುಮಾರು ತೊಂಬತ್ತು ನಿಮಿಷದ ಒಂದು ಪಾಠ. ಈ ಕಾಯಿಲೆ ಏನು, ಇದ್ದವರ ಜೊತೆ ಹೇಗೆ ಮಾತಾಡಬೇಕು, ದಾರಿ ತಪ್ಪಿದವರು ಕಂಡರೆ ಏನು ಮಾಡಬೇಕು. ಎದುರಿನಿಂದ ಬಂದು ನಿಲ್ಲಿ, ಹಿಂದಿನಿಂದ ಕೂಗಬೇಡಿ. ಒಬ್ಬರೇ ಹೋಗಿ, ಗುಂಪುಗಟ್ಟಿ ಸುತ್ತುವರಿಯಬೇಡಿ. ಅವರ ವೇಗಕ್ಕೆ ಕಾಯಿರಿ. ಪಾಠ ಕೇಳಿದವರ ಕೈಗೊಂದು ಕಿತ್ತಳೆ ಬಣ್ಣದ ಪಟ್ಟಿ. ಬ್ಯಾಂಕಿನ ನೌಕರರು, ಸೂಪರ್‌ಮಾರ್ಕೆಟ್ಟಿನವರು, ಪೊಲೀಸರು, ಶಾಲೆ ಮಕ್ಕಳು ಎಲ್ಲರೂ ಇದಕ್ಕೆ ಕೂತರು. ಹೀಗೆ ಪಾಠ ಕೇಳಿದವರ ಸಂಖ್ಯೆ ಈಗ ಒಂದೂವರೆ ಕೋಟಿ ದಾಟಿದೆ. ಇಂಗ್ಲೆಂಡಿನ ‘ಡಿಮೆನ್ಷಿಯಾ ಫ್ರೆಂಡ್ಸ್’ ಇದನ್ನೇ ನೋಡಿ ಹುಟ್ಟಿದ್ದು.

ಪಾಠದ ಪ್ರಯೋಗಪರೀಕ್ಷೆ ನೋಡಬೇಕೆಂದರೆ ಫುಕುವೊಕ ಪ್ರಾಂತ್ಯದ ಒಮುತಕ್ಕೆ ಬರಬೇಕು. ಒಂದು ಕಾಲಕ್ಕೆ ಕಲ್ಲಿದ್ದಲ ಊರು. 1997ರಲ್ಲಿ ಮೀಕೆ ಗಣಿ ಮುಚ್ಚಿತು, ಹರೆಯದವರು ಊರು ಬಿಟ್ಟರು, ಉಳಿದವರಲ್ಲಿ ವಯಸ್ಸಾದವರೇ ಹೆಚ್ಚು. 2004ರಲ್ಲಿ ಇಲ್ಲಿನ ಒಂದು ಬಡಾವಣೆಯವರು ಒಂದು ತಾಲೀಮು ಆರಂಭಿಸಿದರು. ಆಮೇಲೆ ಅದು ಇಡೀ ನಗರಕ್ಕೆ ಹಬ್ಬಿತು. ಒಬ್ಬರು ದಾರಿ ತಪ್ಪಿದ ಹಿರಿಯರ ಪಾತ್ರ ವಹಿಸಿ ಊರೊಳಗೆ ನಡೆಯುತ್ತಾರೆ. ಇಂಥ ಬಟ್ಟೆ, ಇಷ್ಟು ವಯಸ್ಸು, ಕಾಣೆಯಾಗಿದ್ದಾರೆ ಎಂಬ ಸುದ್ದಿ ಪೊಲೀಸರಿಂದ ಟ್ಯಾಕ್ಸಿಯವರಿಗೆ, ಅಂಚೆ ಕಚೇರಿಗೆ, ಅಂಗಡಿಗಳಿಗೆ, ಮನೆಗಳಿಗೆ ಹೋಗುತ್ತದೆ. ಜನ ಹುಡುಕಿ, ಹತ್ತಿರ ಹೋಗಿ, ಮಾತಾಡಿಸಬೇಕು. ಮಾತಾಡಿಸುವುದೇ ಕಷ್ಟದ ಭಾಗ. ಅಪರಿಚಿತ ಹಿರಿಯರನ್ನು ರಸ್ತೆಯಲ್ಲಿ ತಡೆದು ಎಲ್ಲಿಗೆ ಹೊರಟಿರಿ ಎಂದು ಕೇಳಲು ಸಂಕೋಚ, ಆ ಸಂಕೋಚ ಮುರಿಯುವುದಕ್ಕೇ ತಾಲೀಮು. ಜಪಾನಿನಲ್ಲಿ 2023ರ ಒಂದೇ ವರ್ಷ ಡಿಮೆನ್ಷಿಯಾ ಇರುವವರು ಕಾಣೆಯಾದ ಬಗ್ಗೆ 19 ಸಾವಿರಕ್ಕೂ ಹೆಚ್ಚು ದೂರು ದಾಖಲಾಗಿವೆ. ತಾಲೀಮಿನಿಂದ ಸಮಸ್ಯೆ ಮುಗಿದಿಲ್ಲ ಎನ್ನಲು ಈ ಸಂಖ್ಯೆ ಸಾಕು. ಆದರೆ ಈ ಊರಿನ ಅಭಿಯಾನ ಜನರ ಕೈಗೊಂದು ಕೆಲಸ ಕೊಟ್ಟಿತು. ಭಿತ್ತಿಪತ್ರ ಕೊಡುವುದು ಭಾವನೆಯನ್ನು ಮಾತ್ರ.

ಜಪಾನಿನ ಇನ್ನೊಬ್ಬರ ಕಥೆಯನ್ನು ಬಿಡಲಾಗದು. ಕಝುವೊ ಹಸೆಗಾವ ಮನೋವೈದ್ಯರು. 1974ರಲ್ಲಿ ಅವರು ರೂಪಿಸಿದ ಪ್ರಶ್ನಾವಳಿಯಿಂದಲೇ ಆ ದೇಶದಲ್ಲಿ ದಶಕಗಳ ಕಾಲ ಡಿಮೆನ್ಷಿಯಾ ಪತ್ತೆಹಚ್ಚಿದರು. ಈಗ ಬಳಕೆಯಲ್ಲಿರುವ ಪರಿಷ್ಕೃತ ರೂಪದಲ್ಲಿ ಒಂಬತ್ತು ಪ್ರಶ್ನೆ, ಮೂವತ್ತು ಅಂಕ. ಇಂದು ಯಾವ ದಿನ, ನಾನು ಹೇಳಿದ ಮೂರು ಪದ ತಿರುಗಿ ಹೇಳಿ, ನೂರರಿಂದ ಏಳು ಕಳೆಯಿರಿ, ಉಳಿದದ್ದರಿಂದ ಮತ್ತೆ ಏಳು. ಜಪಾನಿನ ಲೆಕ್ಕವಿಲ್ಲದಷ್ಟು ಹಿರಿಯರು ವೈದ್ಯರೆದುರು ಕೂತು ಈ ಏಳನ್ನು ಕಳೆದಿದ್ದಾರೆ. 2017ರಲ್ಲಿ, 88ನೇ ವಯಸ್ಸಿನಲ್ಲಿ, ತಮಗೇ ಡಿಮೆನ್ಷಿಯಾ ಬಂದಿದೆ ಎಂದು ಹಸೆಗಾವ ಬಹಿರಂಗವಾಗಿ ಹೇಳಿದರು. ಹೇಳಿ ಮನೆಯೊಳಗೆ ಕೂರಲಿಲ್ಲ. ಸಭೆಗಳಿಗೆ ಹೋದರು, ಬರೆದರು, ಟಿವಿ ಕ್ಯಾಮೆರಾ ಮನೆಗೆ ಬರಲು ಬಿಟ್ಟರು. 2021ರಲ್ಲಿ ತೀರಿಕೊಂಡರು. ಕಾಯಿಲೆ ಬಂದವರು ತಾವೇ ವೇದಿಕೆ ಹತ್ತಿ ಮಾತಾಡುವುದರ ಬಲ ಬೇರೆ. ಸೆಂಡೈ ನಗರದ ಕಾರು ಮಾರಾಟಗಾರ ತೊಮೊಫುಮಿ ತನ್ನೊ ಅವರಿಗೆ 39ನೇ ವಯಸ್ಸಿನಲ್ಲೇ ಅಲ್ಝೈಮರ್ ಪತ್ತೆಯಾಯಿತು. ಅವರು ಕೆಲಸ ಬಿಡಲಿಲ್ಲ. ಜವಾಬ್ದಾರಿ ಬದಲಿಸಿಕೊಂಡು ಅದೇ ಕಂಪನಿಯಲ್ಲಿ ಮುಂದುವರಿದು ದೇಶವೆಲ್ಲ ಸುತ್ತಿ ಮಾತಾಡಿದರು. ಇದು ಮುಪ್ಪಿನ ಸಹಜ ಫಲ ಎಂಬ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕೇ?

ಹೆದರಿಸುವ ದಾರಿಯನ್ನೂ ಜನ ಹಿಡಿದಿದ್ದಾರೆ. 2024ರ ಮಾರ್ಚಿನಲ್ಲಿ ಬ್ರಿಟನ್ನಿನ ಅಲ್ಝೈಮರ್ಸ್ ಸೊಸೈಟಿ ಒಂದು ಜಾಹೀರಾತು ಬಿಡುಗಡೆ ಮಾಡಿತು. ಡಿಮೆನ್ಷಿಯಾ ಬಂದವರು ಒಮ್ಮೆಯಲ್ಲ, ಮತ್ತೆ ಮತ್ತೆ ಸಾಯುತ್ತಾರೆ ಎಂಬುದು ಅದರ ತಿರುಳು. ನಟ ಕಾಲಿನ್ ಫರ್ತ್ ದನಿ ಕೊಟ್ಟಿದ್ದರು. ನೋಡಿದವರು ಕಣ್ಣೊರೆಸಿಕೊಂಡರು, ನಮ್ಮ ಪಾಡನ್ನು ಕೊನೆಗೂ ಯಾರೋ ಹೇಳಿದರು ಎಂದ ಕುಟುಂಬಗಳೂ ಇದ್ದವು. ಡಿಮೆನ್ಷಿಯಾ ಇದ್ದೂ ಓಡಾಡಿಕೊಂಡಿರುವವರು ಮಾತ್ರ ಸಿಟ್ಟಾದರು, ಜಾಹೀರಾತು ನಿಯಂತ್ರಕರಿಗೆ ದೂರುಗಳು ಹೋದವು. ಸಿಟ್ಟಿನಲ್ಲಿ ನ್ಯಾಯವಿದೆ. ನಾಳೆ ಮರೆವು ಕಾಣಿಸಿಕೊಂಡ ಮನುಷ್ಯ ಆ ಜಾಹೀರಾತು ನೋಡಿದ್ದರೆ ಡಾಕ್ಟರ ಬಳಿ ಹೋಗುತ್ತಾನೋ, ಆದಷ್ಟು ದಿನ ಮುಚ್ಚಿಡುತ್ತಾನೋ? 2024ರ ಅದೇ ಜಾಗತಿಕ ಸಮೀಕ್ಷೆಯಲ್ಲಿ, ಡಿಮೆನ್ಷಿಯಾ ಇರುವವರಲ್ಲಿ ನೂರಕ್ಕೆ 88 ಮಂದಿ ತಮ್ಮನ್ನು ತಾರತಮ್ಯದಿಂದ ಕಂಡಿದ್ದಾರೆ ಎಂದರು. 2019ರಲ್ಲಿ ಹಾಗೆಂದವರು 83.

ಇತ್ತೀಚೆಗೆ ಅಭಿಯಾನಗಳು ದಿಕ್ಕು ಬದಲಿಸಿ ‘ಮೆದುಳಿನ ಆರೋಗ್ಯ’ದ ಕಡೆ ಹೊರಳಿವೆ. ಕಾಯಿಲೆಯ ಹೆಸರೆತ್ತದೆ, ಮೆದುಳನ್ನು ಕಾಪಾಡಿಕೊಳ್ಳಿ ಎನ್ನುವುದು. ಇದರ ಹಿಂದೆ ಗಟ್ಟಿ ವಿಜ್ಞಾನವಿದೆ. ಲ್ಯಾನ್ಸೆಟ್ ಪತ್ರಿಕೆಯ ತಜ್ಞ ಆಯೋಗ 2017ರಲ್ಲಿ ನಾವು ಬದಲಿಸಬಹುದಾದ 9 ಅಪಾಯಗಳನ್ನು ಗುರುತಿಸಿತ್ತು, 2020ರಲ್ಲಿ ಅವು 12 ಆದವು, 2024ರಲ್ಲಿ 14. ಬಾಲ್ಯದಲ್ಲಿ ಓದು ಸಿಗದಿರುವುದು, ಬಿಪಿ, ಶುಗರ್, ಕೆಟ್ಟ ಕೊಲೆಸ್ಟರಾಲ್, ಬೊಜ್ಜು, ಬೀಡಿ ಸಿಗರೇಟು, ಮಿತಿಮೀರಿದ ಕುಡಿತ, ಮೈಗೆ ಕೆಲಸವಿಲ್ಲದಿರುವುದು, ಖಿನ್ನತೆ, ಒಂಟಿತನ, ತಲೆಪೆಟ್ಟು, ಹೊಗೆ ತುಂಬಿದ ಗಾಳಿ, ಕಿವಿ ಮಂದವಾಗುವುದು, ಕಣ್ಣು ಮಂಜಾದರೂ ಚಿಕಿತ್ಸೆ ಪಡೆಯದಿರುವುದು. ಇವೆಲ್ಲವನ್ನೂ ಇಲ್ಲವಾಗಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ನೂರಕ್ಕೆ 45 ಪಾಲು ತಪ್ಪಬಹುದು ಅಥವಾ ಮುಂದಕ್ಕೆ ಹೋಗಬಹುದು ಎಂಬುದು ಆಯೋಗದ ಅಂದಾಜು.

ಈ 45ನ್ನು ಓದುವಾಗ ಜಾರುವುದು ಸುಲಭ. ಅದು ಇಡೀ ಜನಸಮುದಾಯದ ಲೆಕ್ಕ, ಒಬ್ಬೊಬ್ಬರ ಜಾತಕವಲ್ಲ. ಬಿಪಿ ಹಿಡಿತದಲ್ಲಿಟ್ಟು, ದಿನಾ ನಡೆದು, ಹತ್ತು ಜನರೊಡನೆ ಬೆರೆತು ಬಾಳಿದವರಿಗೂ ಅಲ್ಝೈಮರ್ ಬರಬಹುದು. ವಂಶವಾಹಿಗಳ ಪಾಲೂ ಇದೆ. ಇದನ್ನು ಹೇಳದ ಅಭಿಯಾನ, ಕಾಯಿಲೆ ಬಂದವರೇ ತಪ್ಪಿತಸ್ಥರು ಎಂಬ ಭಾವ ಹುಟ್ಟಿಸುತ್ತದೆ. ಎಪ್ಪತ್ತರ ದಶಕದಲ್ಲಿರುವವರಲ್ಲಿ ಡಿಮೆನ್ಷಿಯಾವನ್ನು ಆರು ವರ್ಷದಲ್ಲಿ ನೂರಕ್ಕೆ 6ರಷ್ಟು ತಗ್ಗಿಸುತ್ತೇವೆಂದು 2019ರಲ್ಲಿ ಜಪಾನ್ ಸರಕಾರ ಕರಡು ಯೋಜನೆಯಲ್ಲಿ ಗುರಿ ಬರೆದುಕೊಂಡಿತು. ಹಾಗಾದರೆ ನಮಗೆ ಬಂದದ್ದು ನಾವು ಪ್ರಯತ್ನ ಪಡದಿದ್ದಕ್ಕೆ ಎಂದಾಯಿತಲ್ಲ ಎಂದು ಕಾಯಿಲೆ ಇದ್ದವರೂ ಅವರ ಮನೆಯವರೂ ಎದುರು ನಿಂತರು. ಸರಕಾರ ಆ ಗುರಿಯನ್ನು ಕೈಬಿಟ್ಟಿತು. ಅರಿವು ಮೂಡಿಸಿಕೊಳ್ಳಬೇಕಾದವರಲ್ಲಿ ಸರಕಾರವೂ ಒಂದು ಎಂಬುದಕ್ಕೆ ಇದು ನಿದರ್ಶನ.

ಮೆದುಳಿನ ಆರೋಗ್ಯದ ಹೆಸರಲ್ಲಿ ಅಂಗಡಿ ತೆರೆದವರ ಬಗ್ಗೆ ಉದ್ದ ಬರೆಯಬೇಕಿಲ್ಲ. ಗಿಂಕೊ ಎಲೆಯ ಸಾರ ನೆನಪಿನ ಶಕ್ತಿಗೆಂದು ಜಗತ್ತೆಲ್ಲ ಮಾರಾಟವಾಯಿತು. ಅಮೆರಿಕದಲ್ಲಿ 3069 ಹಿರಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಡಿಮೆನ್ಷಿಯಾ ತಡೆಯಲಿಲ್ಲ. ಒಂದೆಲಗದ ತಂಬುಳಿ ಬಿಸಿಲಿಗೆ ಹಿತ, ಊಟಕ್ಕೆ ರುಚಿ, ಖಂಡಿತ ಉಣ್ಣಿ. ಅದನ್ನು ನೆನಪಿನ ಔಷಧವೆಂದು ನಂಬಿ ಬಿಪಿ ಮಾತ್ರೆ ಬಿಡಬೇಡಿ.

ಬಿಪಿ ಮಾತ್ರೆಯ ಮಾತು ಸುಮ್ಮನೆ ಬಂದದ್ದಲ್ಲ. ಚೀನಾದ 326 ಹಳ್ಳಿಗಳಲ್ಲಿ ಬಿಪಿ ಇದ್ದ ಸುಮಾರು 34 ಸಾವಿರ ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಅರ್ಧ ಹಳ್ಳಿಗಳಲ್ಲಿ ಎಂದಿನ ಚಿಕಿತ್ಸೆ. ಉಳಿದರ್ಧದಲ್ಲಿ, ದೊಡ್ಡ ಪದವಿಯಿಲ್ಲದ ಹಳ್ಳಿವೈದ್ಯರು ತರಬೇತಿ ಪಡೆದು ಮಾತ್ರೆ ಕೊಟ್ಟು, ಬಿಪಿಯನ್ನು ಬಿಗಿಯಾಗಿ ಇಳಿಸಿ, ಬೆನ್ನುಬಿಡದೆ ವಿಚಾರಿಸಿದರು. ನಾಲ್ಕು ವರ್ಷದಲ್ಲಿ ಆ ಹಳ್ಳಿಗಳಲ್ಲಿ ಡಿಮೆನ್ಷಿಯಾ ನೂರಕ್ಕೆ 15 ಪಾಲು ಕಡಿಮೆಯಿತ್ತು. ಆಶಾ ಕಾರ್ಯಕರ್ತೆಯರಿರುವ ನಾಡಿಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ. ಕಿವಿಯ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳಲಾರೆವು. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಶ್ರವಣಸಾಧನದಿಂದ ಒಟ್ಟಾರೆ ಗುಂಪಿಗೆ ಲಾಭ ಕಾಣಲಿಲ್ಲ. ಬೇರೆ ಅಪಾಯಗಳೂ ಇದ್ದವರಲ್ಲಿ ಮಾತ್ರ ಮೂರು ವರ್ಷದಲ್ಲಿ ಬುದ್ಧಿಶಕ್ತಿ ಕುಗ್ಗುವ ವೇಗ ಸುಮಾರು ಅರ್ಧಕ್ಕಿಳಿಯಿತು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಜಪಾನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ 2016ರಲ್ಲೇ ಕನ್ನಡದಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ತೆರೆಗೆ ಬಂತು. ಅಲ್ಝೈಮರ್ ಇರುವ ತಂದೆ ಬೆಂಗಳೂರಿನಲ್ಲಿ ಕಳೆದುಹೋಗುತ್ತಾರೆ, ಮಗ ಹುಡುಕುತ್ತಾನೆ. ಅನಂತ್ ನಾಗ್ ಅವರ ಆ ಪಾತ್ರ ಕರ್ನಾಟಕದ ಮನೆಗಳಿಗೆ ಈ ಕಾಯಿಲೆಯನ್ನು ಪರಿಚಯಿಸಿದಷ್ಟು ಯಾವ ಕರಪತ್ರವೂ ಪರಿಚಯಿಸಿಲ್ಲ. ಕೇರಳದಲ್ಲಿ 2005ರಷ್ಟು ಹಿಂದೆಯೇ ಮೋಹನ್‌ಲಾಲ್ ಅಭಿನಯದ ‘ತನ್ಮಾತ್ರ’ ಅದೇ ಕೆಲಸ ಮಾಡಿತ್ತು.

ವಿಜ್ಞಾನದ ಕೆಲಸವೂ ನಮ್ಮಲ್ಲಿ ಕಡಿಮೆಯೇನಿಲ್ಲ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದ 10 ಸಾವಿರ ಮಂದಿಯ ಮೆದುಳಿನ ಆರೋಗ್ಯವನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟುಕೊಂಡ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಅವರ ತಂಡ ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರೀಕ್ಷಿಸಿ, ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡದ್ದನ್ನು 2013ರಲ್ಲಿ ತೋರಿಸಿತು. ಅಕ್ಷರ ಬಾರದವರಲ್ಲೂ ಹಾಗೆಯೇ ಇತ್ತು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಕೋಲಾರದವರಿಗೆ ಇದು ಸಂತೋಷದ ಸುದ್ದಿ. ನೂರರಿಂದ ಏಳು ಕಳೆಯಿರಿ ಎಂಬಂಥ ಪ್ರಶ್ನೆ ಶಾಲೆಗೇ ಹೋಗದ ಅಜ್ಜಿಗೆ ಹೊಂದುವುದಿಲ್ಲವಾದ್ದರಿಂದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಇಲ್ಲಿಗೊಪ್ಪುವ ಪರೀಕ್ಷೆಗಳನ್ನು ಸಿದ್ಧಪಡಿಸಿದೆ.

2022ರಲ್ಲಿ ರಾಜ್ಯ ಸರಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದವು. ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಡಿಮೆನ್ಷಿಯಾ ಈ ನಾಲ್ಕಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಡುವುದು, ಸರಕಾರಿ ಆಸ್ಪತ್ರೆಗಳಲ್ಲೇ ಮೆದುಳು ಚಿಕಿತ್ಸಾಲಯ ತೆರೆಯುವುದು ಇದರ ಉದ್ದೇಶ. ಬೆಂಗಳೂರು ದಕ್ಷಿಣ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮೊದಲು ನಡೆಯಿತು. ಕ್ರಿಕೆಟಿಗ ರಾಬಿನ್ ಉತ್ತಪ್ಪ ರಾಯಭಾರಿ. ರಾಯಭಾರಿಗಿಂತ ಆ ವೈದ್ಯರ ತರಬೇತಿಯೇ ದೊಡ್ಡದೆಂದು ನನ್ನ ಎಣಿಕೆ. ಏಕೆಂದರೆ 2024ರ ಸಮೀಕ್ಷೆಯಲ್ಲಿ ಡಿಮೆನ್ಷಿಯಾ ಮುಪ್ಪಿನ ಸಹಜ ಭಾಗ ಎಂದು ನಂಬಿದವರಲ್ಲಿ ವೈದ್ಯರೂ ಆರೈಕೆಯ ವೃತ್ತಿಯವರೂ ಇದ್ದರು, ನೂರಕ್ಕೆ 65ರಷ್ಟು. ಜನರಿಗೆ ಜಾಗೃತಿ ಮೂಡಿಸಿ ಆಸ್ಪತ್ರೆಗೆ ಕರೆತಂದರೆ, ಅಲ್ಲಿ ಕೂತವರು ‘ವಯಸ್ಸಾಯ್ತಲ್ಲಮ್ಮ’ ಎಂದು ವಿಟಮಿನ್ ಮಾತ್ರೆ ಬರೆದು ಕಳಿಸಿದರೆ ಏನು ಬಂತು?

ಅದಾದಮೇಲೆ ಸರದಿ ಬಸ್ ಕಂಡಕ್ಟರುಗಳದು, ಆಟೋದವರದು, ನ್ಯಾಯಬೆಲೆ ಅಂಗಡಿಯವರದು, ಪಿಂಚಣಿ ಕೊಡುವ ಬ್ಯಾಂಕಿನ ಕೌಂಟರಿನವರದು. ಯಾವ ಸ್ಟಾಪಿನಲ್ಲೂ ಇಳಿಯದೆ ಕೊನೆವರೆಗೂ ಕೂತಿರುವ ಹಿರಿಯರನ್ನು, ಒಂದೇ ದಿನ ಎರಡು ಸಲ ಹಣ ತೆಗೆಯಲು ಬಂದವರನ್ನು ಮೊದಲು ಕಾಣುವವರು ಇವರು. ಇವರಿಗೆ ತೊಂಬತ್ತು ನಿಮಿಷದ ಪಾಠ ಕಲಿಸಲು ಕೋಟಿಗಟ್ಟಲೆ ಹಣ ಬೇಕಿಲ್ಲ. ಕನ್ನಡದಲ್ಲಿ ಒಂದು ಒಳ್ಳೆಯ ಪಾಠ ಬೇಕು, ಕಲಿಸುವವರು ಬೇಕು.

ಓದುಗರಿಗೆ ಒಂದು ಮಾತು. ಮನೆಯ ಹಿರಿಯರಲ್ಲಿ ಕೆಲವು ತಿಂಗಳಿಂದ ಮರೆವು, ಗೊಂದಲ, ಸ್ವಭಾವದ ಬದಲಾವಣೆ ಹೆಚ್ಚುತ್ತಿದ್ದರೆ ಅವರನ್ನು ವೈದ್ಯರ ಬಳಿ ಕರೆದೊಯ್ಯಿರಿ. ಬಿ12, ಥೈರಾಯ್ಡ್, ಬಿಪಿ, ಶುಗರ್ ನೋಡಿ ಎಂದು ನೀವಾಗಿಯೇ ಕೇಳಿ. ಕಿವಿ ಕಣ್ಣನ್ನೂ ಪರೀಕ್ಷಿಸಿ. ವಯಸ್ಸಾಯಿತು ಎಂಬ ಉತ್ತರವಷ್ಟೇ ಸಿಕ್ಕರೆ ಇನ್ನೊಬ್ಬ ವೈದ್ಯರಿಗೆ ತೋರಿಸಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆಮಾಡಿ, ಕರೆಗೆ ಹಣ ಕೊಡಬೇಕಿಲ್ಲ.